ಸವೆದ ಎಂಜಿನ್ನೋ, ಉಪ್ಪು ತಿಂದ ಎಂಜಿನ್ನೋ?

ಕಳೆದ ಮಳೆಗಾಲಕ್ಕೆ ಸ್ವಲ್ಪ ಮುಂಚೆ, ಗಂಗೊಳ್ಳಿ ಅಳಿವೆಯ ಹತ್ತಿರ ಭಾವನ ನಾಡದೋಣಿಯ ಎಂಜಿನ್ ನಿಂತುಹೋಯಿತು. ಮೊದಲು ಸದ್ದು ಬದಲಾಯಿತಂತೆ. ಆಮೇಲೆ ವೇಗ ಇಳಿಯಿತಂತೆ. ಕೊನೆಗೆ ಎಷ್ಟು ಜಗ್ಗಿದರೂ ಎಂಜಿನ್ ಚಾಲೂ ಮಾಡುವ ಹಗ್ಗವೇ ಬರಲಿಲ್ಲ. ಇನ್ನೊಂದು ದೋಣಿಯವರು ದಡಕ್ಕೆ ಎಳೆದು ತಂದರು. ಅಳಿವೆಯಲ್ಲಿ ಎಂಜಿನ್ ನಿಂತರೆ ಅಲೆ ದೋಣಿಯನ್ನು ಅಡ್ಡಕ್ಕೆ ತಿರುಗಿಸಿ ಮಗುಚಿಬಿಡಬಹುದು. ಆ ಹೆದರಿಕೆ ಮನೆಯಲ್ಲಿ ಎಲ್ಲರಿಗೂ ಇತ್ತು.

"ಇದನ್ನ ಬಿಚ್ಚಿ ಕಟ್ಟುದಾ, ಅಲ್ಲ ಹೊಸ್ತು ತಕಂಬುದಾ?" ಎಂದು ಭಾವ ಕೇಳಿದ. 9.9 ಅಶ್ವಶಕ್ತಿಯ, ಸೀಮೆಎಣ್ಣೆಯಲ್ಲಿ ಓಡುವ, ಎರಡು ಸಿಲಿಂಡರಿನ ಟು-ಸ್ಟ್ರೋಕ್ ಎಂಜಿನ್ ಅದು. ಹದಿನಾಲ್ಕು ವರ್ಷ ದುಡಿದಿತ್ತು. ನಮ್ಮ ಕರಾವಳಿಯಲ್ಲಿ ಈ ಅಳತೆಯ ಎಂಜಿನ್ನಿಗೆ ಒಂದು ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 10 ಅಶ್ವಶಕ್ತಿಯೊಳಗಿನ ಎಂಜಿನ್ ಕಟ್ಟಿದ ನಾಡದೋಣಿಗೆ ಮಾತ್ರ ಅವಕಾಶ. ಆ ಎರಡು ತಿಂಗಳ ಹೊತ್ತಿಗೆ ಎಂಜಿನ್ ಕೈಕೊಟ್ಟರೆ ವರ್ಷದ ದುಡಿಮೆಗೇ ಪೆಟ್ಟು.

ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವ ಲೆಕ್ಕ ಒಂದೇ. ರಿಪೇರಿ ಖರ್ಚು ಹೊಸ ಎಂಜಿನ್ನಿನ ಅರ್ಧ ಬೆಲೆ ದಾಟಿದರೆ ಹೊಸದು ತಗೊಳ್ಳಿ, ಇಲ್ಲದಿದ್ದರೆ ರಿಪೇರಿ ಮಾಡಿಸಿ. ಈ ಲೆಕ್ಕ ತಪ್ಪಲ್ಲ, ಆದರೆ ಸಾಲದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ: ಎಂಜಿನ್ ಹಾಳಾಗಿರುವುದು ಸವೆತದಿಂದಲೋ, ಉಪ್ಪಿನಿಂದಲೋ? ಸವೆಯುವ ಭಾಗಗಳನ್ನು ಬದಲಿಸಬಹುದು ಅಂತಲೇ ಮಾಡಿರುತ್ತಾರೆ. ಉಪ್ಪು ಹಾಗಲ್ಲ. ಅದು ಬದಲಿಸಲಾಗದ ಮೈಯನ್ನೇ ತಿನ್ನುತ್ತದೆ.

ಮರುದಿನ ಎಂಜಿನ್ ತಣ್ಣಗಾಗಿ, ಹಗ್ಗ ಬಿಗಿಯಾಗಿಯಾದರೂ ಬಂತು. ಮೆಕ್ಯಾನಿಕ್ ಎರಡೂ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದು ತೂತಿಗೆ ಒತ್ತಡ ಅಳೆಯುವ ಗೇಜ್ ಸಿಕ್ಕಿಸಿ, ಹಗ್ಗವನ್ನು ನಾಲ್ಕೈದು ಸಲ ಜೋರಾಗಿ ಎಳೆದರು. ಆಮೇಲೆ ಇನ್ನೊಂದಕ್ಕೆ ಹಾಗೇ ಮಾಡಿದರು. ಇಲ್ಲಿ ಮುಳ್ಳು ಎಷ್ಟಕ್ಕೆ ನಿಂತಿತು ಎನ್ನುವುದಕ್ಕಿಂತ ಎರಡರ ನಡುವೆ ಎಷ್ಟು ಅಂತರ ಎನ್ನುವುದು ಮುಖ್ಯ. ಸೀಮೆಎಣ್ಣೆ ಪೆಟ್ರೋಲಿನಷ್ಟು ಒತ್ತಡ ತಾಳದೆ ಹೊತ್ತಲ್ಲದ ಹೊತ್ತಲ್ಲಿ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಸೀಮೆಎಣ್ಣೆ ಎಂಜಿನ್ನುಗಳಲ್ಲಿ ಒತ್ತಡವನ್ನು ಮೊದಲೇ ಕಡಿಮೆ ಇಟ್ಟಿರುತ್ತಾರೆ. ಅದನ್ನು ಪೆಟ್ರೋಲ್ ಎಂಜಿನ್ನಿಗೆ ಹೋಲಿಸಿ ಹೆದರಬೇಕಿಲ್ಲ. ಎರಡು ಸಿಲಿಂಡರಿನ ನಡುವೆ ಶೇಕಡಾ 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಅನುಮಾನ ಪಡಬೇಕು. ಭಾವನ ಎಂಜಿನ್ನಿನಲ್ಲಿ ಕೆಳಗಿನ ಸಿಲಿಂಡರ್ ತುಂಬಾ ಹಿಂದೆ ಬಿದ್ದಿತ್ತು. ಅದರೊಳಗೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ಎಳೆದರು. ಮುಳ್ಳು ಮೇಲೇರಿತು. ಎಣ್ಣೆ ಸಂದು ಮುಚ್ಚಿದಾಗ ಒತ್ತಡ ಏರಿತು ಎಂದರೆ ಸೋರುತ್ತಿರುವುದು ಪಿಸ್ಟನ್ನಿಗೆ ತೊಡಿಸಿದ ಬಳೆಯ, ಅಂದರೆ ರಿಂಗಿನ, ಸುತ್ತ. ಇದು ಸವೆತ. ಸಿಲಿಂಡರನ್ನು ಕಾಲು ಇಲ್ಲವೇ ಅರ್ಧ ಮಿಲಿಮೀಟರ್ ದೊಡ್ಡದಾಗಿ ಕೊರೆಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಸರಿಹೋಗುತ್ತದೆ.

ನಿಜವಾದ ಪರೀಕ್ಷೆ ಆಮೇಲೆ ಇತ್ತು. ಹೆಡ್ಡಿನ, ಅಂದರೆ ಸಿಲಿಂಡರಿನ ಮುಚ್ಚಳದ, ಬೋಲ್ಟು ಬಿಚ್ಚುವುದು.

ಎಂಜಿನ್ನಿನ ಮೈ ಅಲ್ಯೂಮಿನಿಯಂ. ಬೋಲ್ಟು ಸ್ಟೀಲು. ಇವೆರಡೂ ತಾಗಿಕೊಂಡು ಉಪ್ಪುನೀರಿನಲ್ಲಿ ನೆನೆದರೆ ಅಲ್ಲೊಂದು ಪುಟ್ಟ ಬ್ಯಾಟರಿಯೇ ಆಗಿಬಿಡುತ್ತದೆ. ಕರೆಂಟು ಹರಿಯುತ್ತದೆ, ಅಲ್ಯೂಮಿನಿಯಂ ಕರಗುತ್ತದೆ. ಕರಗಿದ್ದು ಬಿಳಿ ಪುಡಿಯಾಗಿ ಬೋಲ್ಟಿನ ಸುತ್ತ ಕೂರುತ್ತದೆ. ಈ ಪುಡಿಗೆ ಮೂಲ ಲೋಹಕ್ಕಿಂತ ಜಾಸ್ತಿ ಜಾಗ ಬೇಕು. ಅದಕ್ಕೇ ಅದು ಬೋಲ್ಟನ್ನು ಬೆಣೆ ಹೊಡೆದ ಹಾಗೆ ಬಿಗಿ ಹಿಡಿಯುತ್ತದೆ. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮೊದಲು ಬೋಲ್ಟು ಸ್ವಲ್ಪ ಬಂದಂತೆ ಅನಿಸುತ್ತದೆ. ಆಮೇಲೆ ಕೈಗೆ ಮೆತ್ತಗಾಗುತ್ತದೆ. ಅಷ್ಟೆ, ಟಪ್ ಎಂದು ತಲೆ ಕಿತ್ತು ಬರುತ್ತದೆ. ಆ ಸದ್ದು ಕೇಳಿದ ಮೆಕ್ಯಾನಿಕ್‌ಗಳು ಮುಖ ಗಂಟಿಕ್ಕುತ್ತಾರೆ. ಒಂದು ಮುರಿದರೆ ಕೊರೆದು ತೆಗೆಯಬಹುದು. ಮೂರ್ನಾಲ್ಕು ಮುರಿದರೆ, ಎಂಜಿನ್ನನ್ನು ತಣ್ಣಗಿಡಲು ಕಡಲನೀರು ಹರಿಯುವ ಒಳಗಿನ ದಾರಿಗಳೂ ಹಾಗೇ ತಿಂದುಹೋಗಿವೆ ಎಂದೇ ತಿಳಿಯಬೇಕು.

ಇದನ್ನು ತಡೆಯಲೆಂದೇ ಎಂಜಿನ್ನಿನ ಕೆಳಭಾಗಕ್ಕೆ ಒಂದು ಸತುವಿನ ತುಂಡು ಕಟ್ಟಿರುತ್ತಾರೆ. ಸತು ಅಲ್ಯೂಮಿನಿಯಮ್ಮಿಗಿಂತ ಬೇಗ ಕರಗುತ್ತದೆ, ತಾನು ಸವೆದು ಅದನ್ನು ಉಳಿಸುತ್ತದೆ. ಈ ಉಪಾಯ ಹಳೆಯದು. ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಯುದ್ಧಹಡಗುಗಳ ತಳದ ತಾಮ್ರದ ತಗಡನ್ನು ಉಳಿಸಲು ಇದೇ ದಾರಿ ಹಿಡಿದಿದ್ದರು. ತಾಮ್ರವೇನೋ ಉಳಿಯಿತು. ಆದರೆ ತಾಮ್ರ ಕರಗುವುದು ನಿಂತದ್ದರಿಂದ ಅದರ ವಿಷವೂ ನಿಂತು, ಹಡಗಿನ ತಳಕ್ಕೆ ಕಡಲಜೀವಿಗಳು ರಾಶಿರಾಶಿಯಾಗಿ ಅಂಟಿಕೊಂಡವು! ನಮ್ಮ ಎಂಜಿನ್ನಿಗೆ ಆ ತೊಂದರೆ ಇಲ್ಲ. ಇಲ್ಲಿ ನಡೆಯುವ ತಪ್ಪು ಬೇರೆ. ಚಂದ ಕಾಣಲಿ ಅಂತ ಸತುವಿನ ಮೇಲೂ ಬಣ್ಣ ಬಳಿದುಬಿಡುತ್ತಾರೆ. ಬಣ್ಣ ಬಳಿದ ಸತು ಸುಮ್ನೆ ಭಾರ, ಕೆಲಸಕ್ಕೆ ಬಾರದು.

ಭಾವನ ಎಂಜಿನ್ನಿನ ಬೋಲ್ಟುಗಳು ಒಂದೂ ಮುರಿಯದೆ ಬಂದವು. ನನಗೆ ಆಶ್ಚರ್ಯ. ಮೆಕ್ಯಾನಿಕ್ ಮಾತ್ರ, "ಇವರು ದಿನಾ ಸಿಹಿನೀರಿನಲ್ಲಿ ಓಡಿಸ್ತಾರೆ, ಅದಕ್ಕೆ" ಎಂದರು. ಅದೇ ವಾರ ಅದೇ ಶೆಡ್ಡಿಗೆ ಬಂದಿದ್ದ ಇನ್ನೊಂದು ಎಂಜಿನ್ನಿಗೆ ಆರೇ ವರ್ಷ. ಹೊರಗಿನಿಂದ ಹೊಸದರ ಹಾಗೆ ಮಿರಮಿರ ಮಿಂಚುತ್ತಿತ್ತು. ಹೆಡ್ ತೆಗೆದರೆ ನೀರಿನ ದಾರಿ ಗಟ್ಟಿ ಉಪ್ಪಿನಿಂದ ಮುಕ್ಕಾಲು ಮುಚ್ಚಿಹೋಗಿತ್ತು, ಸಂದು ಮುಚ್ಚುವ ಗ್ಯಾಸ್ಕೆಟ್ ಕೂರುವ ಜಾಗ ಗುಳಿ ಬಿದ್ದಿತ್ತು. ಆ ದೋಣಿಯವರಿಗೆ ಹೊಸದನ್ನೇ ತಗೊಳ್ಳಿ ಎಂದರು. ಅದು ಸರಿಯಾದ ಮಾತು.

ಮೈ ಗಟ್ಟಿ ಇದೆ ಅಂತ ತಕ್ಷಣ ಪಿಸ್ಟನ್ ತರಿಸಿ ಹಾಕುವುದೂ ತಪ್ಪು. ಏಕೆ ಕೆಟ್ಟಿತು ಎಂದು ಗೊತ್ತಾಗದೆ ಕಟ್ಟಿದ ಎಂಜಿನ್ ಮತ್ತೆ ಅಲ್ಲೇ ಬಂದು ನಿಲ್ಲುತ್ತದೆ. ಹೊರಬಂದ ಪಿಸ್ಟನ್ನಿನ ಒಂದು ಬದಿಯಲ್ಲಿ, ಹೊಗೆ ಹೋಗುವ ಕಡೆ, ಉದ್ದುದ್ದ ಗೀರುಗಳಿದ್ದವು. ಎಂಜಿನ್ನಿನಲ್ಲಿ ಅತಿ ಹೆಚ್ಚು ಬಿಸಿಯಾಗುವ ಕಡೆ ಅದು. ನೀರು ಸಾಲದೆ ಕಾದಿರಬೇಕು ಅನಿಸಿತು. ಕೆಳಗಿನ ಪಂಪು ಬಿಚ್ಚಿದರೆ ನೀರು ತಳ್ಳುವ ರಬ್ಬರ್ ಚಕ್ರದ, ಅಂದರೆ ಇಂಪೆಲ್ಲರಿನ, ಎರಡು ಎಸಳು ಇರಲಿಲ್ಲ. ಒಂದು ಎಸಳು ಮೇಲಿನ ನೀರಿನ ದಾರಿಯಲ್ಲೇ ಸಿಕ್ಕಿಕೊಂಡಿತ್ತು. ಹದಿನಾಲ್ಕು ವರ್ಷದ ಎಂಜಿನ್ನನ್ನು ನಿಲ್ಲಿಸಿದ್ದು ಬೆರಳಗಲದ ರಬ್ಬರ್ ಚೂರು!

ಕ್ರ್ಯಾಂಕಿನ, ಅಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡದ, ಸೀಲುಗಳನ್ನೂ ಬದಲಿಸಿ ಎಂದು ಮೆಕ್ಯಾನಿಕ್ ಪಟ್ಟು ಹಿಡಿದರು. ಟು-ಸ್ಟ್ರೋಕಿನಲ್ಲಿ ಕ್ರ್ಯಾಂಕ್ ಇರುವ ಕೋಣೆಯೇ ಗಾಳಿ-ಇಂಧನವನ್ನು ಎಳೆದು ಮೇಲಕ್ಕೆ ದಬ್ಬುವ ಪಂಪು. ಸೀಲು ಸೋರಿದರೆ ಹೊರಗಿನ ಗಾಳಿ ಜಾಸ್ತಿ ನುಗ್ಗಿ, ಇಂಧನದ ಜೊತೆ ಬರುವ ಎಣ್ಣೆಯ ಪಾಲು ಕಡಿಮೆಯಾಗುತ್ತದೆ. ಪಿಸ್ಟನ್ ಮತ್ತೆ ಕಾಯುತ್ತದೆ. ಸೀಲಿಗೆ ದುಡ್ಡು ಕಡಿಮೆ, ಉಳಿಸುವುದು ಪಿಸ್ಟನ್ನನ್ನು. ಗೇರ್ ಎಣ್ಣೆಯನ್ನೂ ನೋಡಿದೆವು. ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಎಂದರ್ಥ. ನಮ್ಮದು ತಿಳಿಯಾಗಿತ್ತು.

ಹೊಸದರ ಪರವಾಗಿಯೂ ಗಟ್ಟಿ ಮಾತಿದೆ, ಅದನ್ನು ಮುಚ್ಚಿಡಬಾರದು. ಹಳೆಯ ಟು-ಸ್ಟ್ರೋಕಿನಲ್ಲಿ ಹೊಸ ಇಂಧನ ಒಳಬರುವ ಹೊತ್ತಿಗೆ ಹೊಗೆಯ ಬಾಗಿಲೂ ತೆರೆದೇ ಇರುತ್ತದೆ. ಇಂಧನದ ಒಂದು ಪಾಲು, ಕೆಲವೊಮ್ಮೆ ನಾಲ್ಕನೇ ಒಂದರಷ್ಟು, ಉರಿಯದೆ ನೇರ ನೀರು ಸೇರುತ್ತದೆ. ಹೊಳೆಯ ಮೇಲೆ ತೇಲುವ ಕಾಮನಬಿಲ್ಲಿನ ಬಣ್ಣದ ಪದರ ನೋಡಿದ್ದೀರಲ್ವಾ? ಅದರಲ್ಲಿ ನಮ್ಮ ದುಡ್ಡೂ ಇದೆ, ಮೀನಿನ ಮರಿಗಳ ಕೇಡೂ ಇದೆ. ಎಷ್ಟೇ ಚೆನ್ನಾಗಿ ಕಟ್ಟಿಸಿದರೂ ಇದು ಹೋಗುವುದಿಲ್ಲ. ಇದು ಸವೆತವಲ್ಲ, ಆ ಎಂಜಿನ್ನಿನ ಹುಟ್ಟುಗುಣ. ಫೋರ್-ಸ್ಟ್ರೋಕ್ ಈ ವಿಷಯದಲ್ಲಿ ಎಷ್ಟೋ ಮೇಲು. ಆದರೆ ಅದಕ್ಕೆ ಸಾಮಾನ್ಯವಾಗಿ ಪೆಟ್ರೋಲೇ ಬೇಕು, ತೂಕವೂ ಜಾಸ್ತಿ. ರಿಯಾಯಿತಿ ಸೀಮೆಎಣ್ಣೆ ನಂಬಿದ ಮನೆಗೆ ಅದು ಸುಲಭದ ಆಯ್ಕೆಯಲ್ಲ.

ಬಿಡಿಭಾಗ ಸಿಗುತ್ತದೆಯೇ ಎಂದೂ ಮೊದಲೇ ವಿಚಾರಿಸಬೇಕು. 1909ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಶುರುವಾದ ಎವಿನ್‌ರೂಡ್ ಎಂಜಿನ್ನುಗಳ ತಯಾರಿಕೆಯೇ 2020ರಲ್ಲಿ ನಿಂತುಹೋಯಿತು. ಅಷ್ಟು ಹಳೆಯ ಹೆಸರಿಗೇ ಹೀಗಾದರೆ ಉಳಿದವುಗಳ ಮಾತೇನು? ಭಾವನ ಮಾಡೆಲ್ಲಿನ ಪಿಸ್ಟನ್ ಎರಡೇ ದಿನದಲ್ಲಿ ಬಂತು. ಹಾಗಾಗಿ ಕಟ್ಟಿಸಿಯೇ ಬಿಟ್ಟೆವು.

ಮೊದಲ ಸಲ ಕಡಲಿಗೆ ಹೋಗಿ ಬಂದ ಸಂಜೆ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಇಳಿಸಿ ಓಡಿಸಿದೆವು. ಹಿಂದಿನ ತೂತಿನಿಂದ ನೀರು ಪಿಚಕಾರಿಯ ಹಾಗೆ ಚಿಮ್ಮಿತು. ಭಾವ ಮೊದಲ ನೀರನ್ನು ಅಂಗೈಯಲ್ಲಿ ಹಿಡಿದು ನಾಲಿಗೆಗೆ ತಾಗಿಸಿದ. "ಉಪ್ಪು" ಎಂದ. ಡ್ರಮ್ಮಿನ ನೀರು ಚೆಲ್ಲಿ, ಬಾವಿಯಿಂದ ಹೊಸ ನೀರು ಸೇದಿ ತುಂಬಿಸಿ, ಮತ್ತೆ ಹಗ್ಗ ಎಳೆದ.