ಡಿಪಿಎ ಲೆಕ್ಕ, ಮತ್ತು ನಾನು ಮರೆತ ಆ 2

ರಿಯಾಕ್ಟರ್ ಲೋಹಗಳ ಪಾಠದಲ್ಲಿ ಮೂರು ದಿನ ನನ್ನನ್ನು ಕಾಡಿದ್ದು ಒಂದೇ ಪದ: ಡಿಪಿಎ. ಪೂರ್ತಿ ಹೇಳಿದರೆ ಡಿಸ್‌ಪ್ಲೇಸ್‌ಮೆಂಟ್ಸ್ ಪರ್ ಆಟಂ. ನ್ಯೂಟ್ರಾನುಗಳ ಏಟಿಗೆ ಲೋಹದ ಒಂದು ಪರಮಾಣು ಸರಾಸರಿ ಎಷ್ಟು ಸಲ ತನ್ನ ಜಾಗ ಬಿಟ್ಟು ಎದ್ದಿತು ಎಂಬ ಲೆಕ್ಕ. ರಿಯಾಕ್ಟರಿನ ಒಳಗಿನ ಸ್ಟೀಲು ಹತ್ತಾರು ಡಿಪಿಎ ತಿಂದಿರುತ್ತದೆ ಎಂದು ಓದಿದಾಗ ತಲೆ ಕೆಟ್ಟಿತು. ಎಲ್ಲ ಪರಮಾಣುಗಳೂ ಹತ್ತಾರು ಸಲ ಎದ್ದುಹೋಗಿದ್ದರೆ ಅದಿನ್ನೂ ಸ್ಟೀಲಾಗಿ ನಿಂತಿರುವುದು ಹೇಗೆ?

ಸೀಟೆಲ್ಲ ತುಂಬಿದ ಬಸ್ಸು ನೆನೆಸಿಕೊಂಡೆ. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಮೂವತ್ತು ಜನ ಸೀಟಿನಿಂದ ಜಾರಿದರು. ಮರುಕ್ಷಣವೇ ಇಪ್ಪತ್ತು ಜನ ಕೈಗೆ ಸಿಕ್ಕ ಸೀಟಿನಲ್ಲಿ ಕೂತರು, ತಮ್ಮದೇ ಸೀಟು ಅಂತೇನಿಲ್ಲ. ಹತ್ತು ಜನ ನಡುದಾರಿಯಲ್ಲೇ ಸಿಕ್ಕಿಕೊಂಡರು. ಡಿಪಿಎ ಎಣಿಸುವುದು ಜಾರಿದ ಮೂವತ್ತನ್ನು, ಸಿಕ್ಕಿಕೊಂಡ ಹತ್ತನ್ನಲ್ಲ. ಕಬ್ಬಿಣದಲ್ಲೂ ದೊಡ್ಡ ಏಟು ಬಿದ್ದಾಗ ಹೀಗೇ, ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಮಿಕ್ಕವು ಕೆಲವೇ ಪಿಕೋಸೆಕೆಂಡಿನಲ್ಲಿ ಯಾವುದೋ ಖಾಲಿ ಜಾಗ ಸೇರಿಬಿಡುತ್ತವೆ. ಖಾಲಿ ಉಳಿದ ಸೀಟು ವೇಕೆನ್ಸಿ. ನಡುದಾರಿಯಲ್ಲಿ ಸಿಕ್ಕಿಕೊಂಡವರು ಇಂಟರ್‌ಸ್ಟಿಷಿಯಲ್.

ಈಗ ನಾನು ಎಡವಿದ ಲೆಕ್ಕ: ನ್ಯೂಟ್ರಾನಿನ ಒಂದು ಏಟಿಗೆ ಎಷ್ಟು ಪರಮಾಣು ಏಳುತ್ತವೆ? 10 ಲಕ್ಷ ಇಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನ್ ಕಬ್ಬಿಣದ ಪರಮಾಣುವಿಗೆ ಗುದ್ದಿತು ಎನ್ನಿ (ಮುಂದಿನ ಶಕ್ತಿಯ ಅಂಕಿಗಳೂ ಇಲೆಕ್ಟ್ರಾನ್ ವೋಲ್ಟಿನಲ್ಲೇ). ಕಬ್ಬಿಣ ಅದಕ್ಕಿಂತ 56 ಪಟ್ಟು ಭಾರ. ಹಾಗಾಗಿ ನೇರ ಗುದ್ದಿದರೂ ಕಬ್ಬಿಣಕ್ಕೆ ದಾಟುವ ಶಕ್ತಿ 4×56/57² ಪಾಲು, ಅಂದರೆ ಸುಮಾರು 6.9 ಶೇಕಡಾ, 69,000. ಸರಾಸರಿ ಅದರ ಅರ್ಧ, 34,500. ಕಬ್ಬಿಣದ ಒಂದು ಪರಮಾಣುವನ್ನು ಎಬ್ಬಿಸಲು 40 ಬೇಕು. ಸುಮ್ನೆ 34,500 ಅನ್ನು 40ರಿಂದ ಭಾಗಿಸಿದೆ, 862 ಬಂತು. ತಪ್ಪು.

ಭಾಗಿಸಬೇಕಾದದ್ದು 40ರ ಎರಡರಷ್ಟರಿಂದ. ಯಾಕೆ? 60 ಶಕ್ತಿ ಇರುವ ಪರಮಾಣು ಪಕ್ಕದವನನ್ನು ಎಬ್ಬಿಸಿತು, ಅದಕ್ಕೆ 40ಕ್ಕಿಂತ ಜಾಸ್ತಿ ಕೊಟ್ಟಿತು ಎನ್ನಿ. ತನ್ನ ಬಳಿ ಉಳಿದದ್ದು 20ಕ್ಕಿಂತ ಕಡಿಮೆ. ಮುಂದೆ ಹೋಗಲು ಸಾಲದು, ಆ ಖಾಲಿ ಸೀಟಿನಲ್ಲೇ ಕೂತುಬಿಡುತ್ತದೆ. ಒಬ್ಬ ಎದ್ದ, ಒಬ್ಬ ಕೂತ. ನಿಂತವರ ಸಂಖ್ಯೆ ಅಷ್ಟೇ ಅಲ್ವಾ? 80 ದಾಟಿದರೆ ಮಾತ್ರ ಇಬ್ಬರೂ ಎದ್ದು ನಿಲ್ಲಬಹುದು. ಇದು ಹೊಳೆಯಲು ನನಗೆ ಒಂದಿಡೀ ಸಂಜೆ ಬೇಕಾಯಿತು. ಇದರ ಮೇಲೆ ನಿಜವಾದ ಡಿಕ್ಕಿಗಳಿಗಾಗಿ 0.8ರಿಂದ ಗುಣಿಸಬೇಕು. 0.8×34,500/80, ಉತ್ತರ 345. ಇಲೆಕ್ಟ್ರಾನುಗಳಿಗೆ ಹೋಗುವ ಶಕ್ತಿಯನ್ನು ಕಳೆದರೆ ಇನ್ನೂ ಕಡಿಮೆ.

ಡಿಪಿಎ ಜಾಸ್ತಿ ಇದ್ದರೆ ಹಾನಿಯೂ ಜಾಸ್ತಿ ಅಂತ ನಂಬಬೇಡಿ. ರಿಯಾಕ್ಟರಿನ ಒಳಭಾಗವನ್ನು ಸುತ್ತುವರಿದ ದಪ್ಪ ಪಾತ್ರೆ, ಅಂದರೆ ಪ್ರೆಷರ್ ವೆಸೆಲ್ಲಿನ ಸ್ಟೀಲು ಆಯುಷ್ಯವಿಡೀ ತಿನ್ನುವುದು ಸಾಮಾನ್ಯವಾಗಿ 0.1 ಡಿಪಿಎ ಆಸುಪಾಸು. ಆದರೂ ಅದರಲ್ಲಿ ತಾಮ್ರದ ಅಂಶ ಹೆಚ್ಚಿದ್ದರೆ ಸಣ್ಣ ಸಣ್ಣ ಗುಂಪು ಕಟ್ಟಿ ಸ್ಟೀಲನ್ನು ಪೆಡಸು ಮಾಡುತ್ತದೆ. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಖಾಲಿ ಸೀಟುಗಳೇ ಒಟ್ಟುಗೂಡಿ ತೂತಾಗಿ ಲೋಹ ಊದಿಕೊಳ್ಳುತ್ತದೆ. ಬ್ರಿಟನ್ನಿನ ಡೌನ್‌ರೇ ರಿಯಾಕ್ಟರಿನ ಸ್ಟೀಲಿನಲ್ಲಿ ಇದು ಕಂಡುಬಂದ ವರದಿ ಬಂದದ್ದು 1967ರಲ್ಲಿ.

ನಮ್ಮ ಕೈಗಾದ ಕಥೆ ಬೇರೆ. ಒಂದೊಂದು ಘಟಕದಲ್ಲಿ ಇಂಧನ ಹಿಡಿದಿಡುವ 306 ಪ್ರೆಷರ್ ಟ್ಯೂಬು, ಎಲ್ಲ ಅಡ್ಡ ಮಲಗಿವೆ. ಲೋಹ ಜಿರ್ಕೋನಿಯಂ, ಜೊತೆಗೆ 2.5 ಶೇಕಡಾ ನಿಯೋಬಿಯಂ. ಇದರ ಪರಮಾಣು ಜೋಡಣೆ ಎಲ್ಲ ದಿಕ್ಕಿಗೂ ಒಂದೇ ಥರ ಇಲ್ಲ. ಎದ್ದವರು ಒಂದು ದಿಕ್ಕಿನ ಸಾಲಿಗೆ, ಖಾಲಿ ಸೀಟುಗಳು ಇನ್ನೊಂದಕ್ಕೆ ಸೇರುತ್ತವೆ. ಟ್ಯೂಬು ಊದದೆಯೇ ಉದ್ದವಾಗುತ್ತದೆ. ಒಳಗಿನ ಒತ್ತಡ, ಬಿಸಿ, ಭಾರ ಸೇರಿ ಅಗಲವಾಗುತ್ತದೆ, ನಡುವೆ ಜೋಲುತ್ತದೆ ಕೂಡ. ಜೋತು, ತನ್ನನ್ನು ಸುತ್ತಿರುವ ತಣ್ಣನೆಯ ಹೊರ ಟ್ಯೂಬಿಗೆ ತಗುಲಿದರೆ ಲೋಹದೊಳಗಿನ ಹೈಡ್ರೋಜನ್ ಆ ತಣ್ಣನೆಯ ಜಾಗಕ್ಕೆ ಸರಿದು ಪೆಡಸು ಗುಳ್ಳೆ ಕಟ್ಟುತ್ತದೆ. ಕೆನಡಾದ ಪಿಕರಿಂಗ್‌ನಲ್ಲಿ 1983ರಲ್ಲಿ ಟ್ಯೂಬು ಸೀಳಿದ್ದು ಹೀಗೆ. ಅದು ಜಿರ್ಕಲಾಯ್-2 ಎಂಬ ಹಳೆಯ ಜಿರ್ಕೋನಿಯಂ ಮಿಶ್ರಲೋಹದ ಟ್ಯೂಬು. ತಗುಲದಂತೆ ನಡುವೆ ಹಿಡಿಯಬೇಕಿದ್ದ ಗಾರ್ಟರ್ ಸ್ಪ್ರಿಂಗುಗಳು ಜಾಗ ಬಿಟ್ಟು ಸರಿದಿದ್ದವು.

ಇದೇ ಲೆಕ್ಕವನ್ನು ಜಿರ್ಕೋನಿಯಂಗೆ ಮಾಡಿ ನೋಡಿ: 91 ಪಟ್ಟು ಭಾರ, ಎಬ್ಬಿಸಲು 40 ಎಂದೇ ಇಟ್ಟುಕೊಳ್ಳಿ. ಸುಮಾರು 215 ಬರಬೇಕು. 430 ಬಂದರೆ, ನನ್ನ ಹಾಗೇ ಆ 2 ಮರೆತಿದ್ದೀರಿ.