ಜೋರಾಗಿ ಕೇಳಿದರೆ ಸಾಲದು, ಮಾತು ತಿಳಿಯಬೇಕು

ಫೈರ್ ಅಲಾರ್ಮ್‌ನ ಪ್ರಕಟಣೆ ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಿ ಅರ್ಥವಾಗುತ್ತಿಲ್ಲ ಎಂದು ದೂರು ಬಂದರೆ, ಕಟ್ಟಡದ ನಿರ್ವಹಣೆಯವರು ಮೊದಲು ವಾಲ್ಯೂಮ್ ಏರಿಸುತ್ತಾರೆ. ಅದರಿಂದ ಗದ್ದಲ ಹೆಚ್ಚುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಕಾಂಕ್ರೀಟ್ ನೆಲ, ಗೋಡೆ, ಸೂರು ಮೂರೂ ಶಬ್ದವನ್ನು ಹಿಂದಕ್ಕೆ ಎಸೆಯುತ್ತವೆ. ಒಂದು ಪದದ ಮಾರ್ದನಿ ಅಡಗುವ ಮೊದಲೇ ಮುಂದಿನ ಪದ ಅದರ ಮೇಲೆ ಬೀಳುತ್ತದೆ. ವಾಲ್ಯೂಮ್ ಏರಿದಷ್ಟೂ ಮಾರ್ದನಿಯೂ ಏರುತ್ತದೆ.

ವ್ಯಾಟ್ ದುಪ್ಪಟ್ಟು ಮಾಡಿದರೆ ಸಿಗುವುದು 3 ಡೆಸಿಬೆಲ್ ಮಾತ್ರ. ಸ್ಪೀಕರ್‌ಗೂ ಕಿವಿಗೂ ಇರುವ ದೂರ ಅರ್ಧವಾದರೆ ನೇರ ಧ್ವನಿ 6 ಡೆಸಿಬೆಲ್ ಏರುತ್ತದೆ. ಹಾಗೆಂದು ಕಂಡಕಂಡಲ್ಲಿ ಸ್ಪೀಕರ್ ತುಂಬಬಾರದು, ಪ್ರತಿಯೊಂದೂ ಮಾರ್ದನಿಗೆ ತನ್ನ ಪಾಲು ಸೇರಿಸುತ್ತದೆ. 100 ವೋಲ್ಟ್ ಸ್ಪೀಕರ್ ಲೈನಿನಲ್ಲಿ 6 ವ್ಯಾಟ್ ಟ್ಯಾಪ್ (ಸ್ಪೀಕರಿನ ವ್ಯಾಟ್ ಆರಿಸುವ ಕೊಂಡಿ) ಬಿಟ್ಟು 1.5ಕ್ಕೋ 3ಕ್ಕೋ ಇಳಿಸಿ, ಜನ ನಡೆಯುವ ದಾರಿಯತ್ತ ಮುಖ ಮಾಡಿ. ಗೋಡೆಗೆ ಭಾಷಣ ಬೇಕಿಲ್ಲ. ಎದುರುಬದುರು ಹಾರ್ನ್‌ಗಳನ್ನು ಇಡುವುದೂ ತಪ್ಪು: ಎರಡರ ದೂರದಲ್ಲಿ ಸುಮಾರು 17 ಮೀಟರಿಗಿಂತ ಹೆಚ್ಚು ವ್ಯತ್ಯಾಸವಿರುವ ಕಡೆ ನಿಂತವರಿಗೆ ಒಂದೇ ಮಾತು ಎರಡು ಸಲ ಕೇಳುತ್ತದೆ. ಅಕ್ಕಪಕ್ಕದ ಸ್ಪೀಕರ್‌ಗಳನ್ನು ಬೇರೆ ಬೇರೆ ಆಂಪ್ಲಿಫೈಯರ್ ಲೈನಿಗೆ ಹಾಕಿ, ಒಂದು ಲೈನ್ ಸುಟ್ಟರೂ ಮಾತು ಉಳಿಯಲಿ.

ಅಲಾರ್ಮ್ ಬಡಿದಾಗ ಹೊಗೆ ಎಳೆಯುವ ಫ್ಯಾನ್‌ಗಳು ಪೂರ್ತಿ ವೇಗಕ್ಕೆ ಹೋಗುತ್ತವೆ, ಡೀಸೆಲ್ ಜನರೇಟರ್ ಕೂಡ ಓಡುತ್ತಿರಬಹುದು. ಪರೀಕ್ಷೆಯನ್ನು ಮಾತ್ರ ಭಾನುವಾರ ಬೆಳಿಗ್ಗೆ ಎಲ್ಲ ಆಫ್ ಮಾಡಿ ನಡೆಸಿ, ಸಹಿ ಹಾಕಿಸಿಕೊಳ್ಳುತ್ತಾರೆ. ಫ್ಯಾನ್, ಜನರೇಟರ್‌ಗಳ ಸದ್ದು ಇರುವಾಗಲೇ, ಅದಕ್ಕಿಂತ ಕನಿಷ್ಠ 10 ಡೆಸಿಬೆಲ್ ಮೇಲೆ ಪ್ರಕಟಣೆ ನಿಲ್ಲಬೇಕು. ಮಾತಿನ ಸ್ಪಷ್ಟತೆಯನ್ನು 0ಯಿಂದ 1ರವರೆಗಿನ ಎಸ್‌ಟಿಐ ಅಂಕದಲ್ಲಿ ಅಳೆಯುತ್ತಾರೆ, ಸರಾಸರಿ 0.50 ಬಂದರೆ ಒಪ್ಪಬಹುದು. ಮೀಟರನ್ನು ನಿಂತವರ ಕಿವಿಯ ಎತ್ತರದಲ್ಲಿ, ಸುಮಾರು 1.5 ಮೀಟರಿನಲ್ಲಿ ಹಿಡಿಯಿರಿ. ಫಾಲ್ಸ್ ಸೀಲಿಂಗ್, ಕಾರ್ಪೆಟ್ ಇರುವ ಆಫೀಸ್ ಮಹಡಿಗಳು ಸಾಮಾನ್ಯವಾಗಿ ಸುಲಭವಾಗಿ ಪಾಸಾಗುತ್ತವೆ. ತೊಂದರೆ ಕೊಡುವುದು ಬೇಸ್‌ಮೆಂಟ್, ಏಟ್ರಿಯಂ (ಹಲವು ಮಹಡಿ ಎತ್ತರದ ತೆರೆದ ಒಳಾಂಗಣ), ಮೆಟ್ಟಿಲುದಾರಿ.

ಇನ್ನು ಸಂದೇಶ. "ಅಗ್ನಿ ತುರ್ತುಸ್ಥಿತಿ ಉಂಟಾಗಿರುವುದರಿಂದ ಸಮೀಪದ ನಿರ್ಗಮನ ದ್ವಾರದ ಮೂಲಕ ಕಟ್ಟಡವನ್ನು ತೆರವುಗೊಳಿಸತಕ್ಕದ್ದು" ಎಂಬ ಸುತ್ತೋಲೆ ಕನ್ನಡವನ್ನು ಓಡುವಾಗ ಯಾರೂ ಬಿಡಿಸಿಕೊಳ್ಳಲಾರರು. ಅದಕ್ಕಿಂತ ಅಪಾಯದ್ದು "ಲಿಫ್ಟ್ ಬಳಸಬೇಡಿ". ಕನ್ನಡದಲ್ಲಿ 'ಬೇಡ' ಕೊನೆಗೆ ಬರುತ್ತದೆ, ಮಾರ್ದನಿಗೆ ಸಿಕ್ಕುವುದೂ ಮಾತು ಇಳಿಯುವ ಆ ಬಾಲವೇ. ಹಾಗಾಗಿ ಹೀಗಿರಲಿ: "ಗಮನಿಸಿ. ಬೆಂಕಿ ಬಿದ್ದಿದೆ. ಮೆಟ್ಟಿಲ ದಾರಿಯಲ್ಲಿ ಹೊರಗೆ ಹೋಗಿ. ಬೇಡ, ಲಿಫ್ಟ್ ಬೇಡ." ವಾಕ್ಯಗಳ ನಡುವೆ ಚಿಕ್ಕ ವಿರಾಮ ಕೊಟ್ಟರೂ ಇದು 6 ಸೆಕೆಂಡಿನಲ್ಲಿ ಮುಗಿಯುತ್ತದೆ.

ಬೆಂಗಳೂರಿನ ಟೆಕ್ ಪಾರ್ಕ್‌ಗಳಲ್ಲಿ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಬೇಕಾಗುತ್ತವೆ. 4 ಸೆಕೆಂಡ್ ಎಚ್ಚರಿಕೆ ಸದ್ದು, 1 ಸೆಕೆಂಡ್ ಮೌನ, ಮೂರು ಭಾಷೆಗೆ 18, ಭಾಷೆಗಳ ನಡುವೆ ಒಂದೊಂದು ಸೆಕೆಂಡ್ ಬಿಡುವು, ಕೊನೆಗೆ 3: ಒಂದು ಸುತ್ತಿಗೆ ಒಟ್ಟು 28. ಸುತ್ತು 30 ಸೆಕೆಂಡ್ ಮೀರಬಾರದು; ನಾಲ್ಕನೆಯ ಭಾಷೆ ಸೇರಿಸಿದರೆ ತನ್ನ ಸರದಿಗೆ ಕಾಯುವವನು ಅಷ್ಟು ಹೊತ್ತು ಹೊಗೆಯಲ್ಲಿ ನಿಂತಿರುತ್ತಾನೆ. ಧ್ವನಿಮುದ್ರಣ 16 ಕಿಲೋಹರ್ಟ್ಸ್ ಸ್ಯಾಂಪಲಿಂಗ್‌ಗಿಂತ ಕಡಿಮೆಯಾಗದಿರಲಿ. 8ಕ್ಕೆ ಇಳಿಸಿದರೆ 4 ಕಿಲೋಹರ್ಟ್ಸ್‌ನ ಮೇಲಿನದೆಲ್ಲ ಹೋಗುತ್ತದೆ, ಸ, ಶಗಳ ವ್ಯತ್ಯಾಸ ಮಸುಕಾಗುತ್ತದೆ.

ಎಷ್ಟೇ ಚೆನ್ನಾಗಿ ಮುದ್ರಿಸಿದರೂ ಹೊಗೆ ಯಾವ ಮೆಟ್ಟಿಲಲ್ಲಿದೆ ಎಂದು ಸಂದೇಶಕ್ಕೆ ಗೊತ್ತಿಲ್ಲ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದು 9 ಜನ ಸತ್ತಾಗ ಮೆಟ್ಟಿಲುದಾರಿಯಲ್ಲೇ ಹೊಗೆ ತುಂಬಿತ್ತು. ಕಂಟ್ರೋಲ್ ರೂಮಿನ ಮೈಕ್ ಒತ್ತಿದೊಡನೆ ಮುದ್ರಿತ ಸಂದೇಶ ನಿಲ್ಲಬೇಕು, ಮಹಡಿವಾರು ಜೋನ್ ಆರಿಸಲು ಬರಬೇಕು. ಸೆಕ್ಯುರಿಟಿ ಸಿಬ್ಬಂದಿಗೆ ಮೈಕನ್ನು ಬಾಯಿಂದ ನಾಲ್ಕು ಬೆರಳು ದೂರ ಹಿಡಿದು, ಕಿರುಚದೆ ಮಾತಾಡಲು ಅಭ್ಯಾಸ ಮಾಡಿಸಿ. ಕಿರುಚಿದರೆ ಧ್ವನಿ ಒಡೆಯುತ್ತದೆ. ಏನು ಹೇಳಬೇಕೆಂಬುದನ್ನು ದಪ್ಪ ಅಕ್ಷರದಲ್ಲಿ ಬರೆದು, ಮೆಟ್ಟಿಲಿನ ಹೆಸರಿಗೆ ಖಾಲಿ ಜಾಗ ಬಿಟ್ಟು, ಮೈಕಿನ ಪಕ್ಕದಲ್ಲೇ ಅಂಟಿಸಿ.