‘ಕರ್ತವ್ಯಲೋಪ’ದಲ್ಲಿ ಲೋಪವಾದದ್ದು ಯಾವುದು?

ಪ್ರಶ್ನೆ: ನಾನು ಮುಂಬಯಿಯಲ್ಲಿ ಸರ್ಕಾರಿ ನೌಕರ, ಇರುವುದು ಡೊಂಬಿವಲಿಯಲ್ಲಿ. ಕಚೇರಿಯ ಇಂಗ್ಲಿಷ್ ಆದೇಶದಲ್ಲಿ ‘ಡೆರಿಲಿಕ್ಷನ್ ಆಫ್ ಡ್ಯೂಟಿ’ ಎಂದಿರುವುದು ಮರಾಠಿ ಪತ್ರಿಕೆಯಲ್ಲಿ ‘ಕರ್ತವ್ಯಾತ್ ಕಸೂರ್’ ಆಗುತ್ತದೆ, ಊರಿನ ಕನ್ನಡ ಪತ್ರಿಕೆಯಲ್ಲಿ ‘ಕರ್ತವ್ಯಲೋಪ’ ಆಗುತ್ತದೆ. ಈ ಲೋಪವು ಶಾಲೆಯಲ್ಲಿ ಕಲಿತ ಲೋಪಸಂಧಿಯ ಲೋಪವೇ? ನಿರ್ಲಕ್ಷ್ಯ, ಉದಾಸೀನ ಎಂಬ ಪದಗಳಿಗಿಂತ ಇದು ಹೇಗೆ ಬೇರೆ?

ಉತ್ತರ: ಹೌದು, ಅದೇ ಲೋಪ. ಈ ಪದದ ಅರ್ಥವು ವ್ಯಾಕರಣದಿಂದ ತಿಳಿಯುವಷ್ಟು ಸ್ಪಷ್ಟವಾಗಿ ಕಚೇರಿಯ ಆದೇಶಗಳಿಂದ ತಿಳಿಯುವುದಿಲ್ಲವೆಂದೇ ನನಗೆ ತೋರುತ್ತದೆ.

ಮುಂಬಯಿಯಲ್ಲಿ ಪಾಲಿಕೆಯ ಕನ್ನಡ ಶಾಲೆಗೆ ಹೋದವರಿಗೂ, ಹಗಲು ಹೋಟೆಲಿನಲ್ಲಿ ದುಡಿದು ಇರುಳು ರಾತ್ರಿಶಾಲೆಯ ಬೆಂಚಿನ ಮೇಲೆ ಕುಳಿತವರಿಗೂ ‘ಊರು + ಅಲ್ಲಿ = ಊರಲ್ಲಿ’ ಎಂಬುದು ಬಾಯಿಪಾಠವಾಗಿರುತ್ತದೆ. ಅಲ್ಲಿ ‘ಊರು’ ಪದದ ಕೊನೆಯ ಉಕಾರ ಬಿಟ್ಟುಹೋಯಿತು, ಆದ್ದರಿಂದ ಲೋಪ. ಸಂಸ್ಕೃತದ ‘ಲುಪ್’ ಧಾತುವಿಗೆ ಮುರಿ, ಕಿತ್ತುಕೊ, ಅಪಹರಿಸು ಎಂಬ ಒರಟು ಅರ್ಥಗಳಿವೆ. ‘ಲುಪ್ತ’ ಎಂಬುದೂ ಅದರ ಕೂಸೇ. ಆದರೆ ವೈಯಾಕರಣರ ಕೈಗೆ ಸಿಕ್ಕಿದ ಮೇಲೆ ಆ ಒರಟುತನ ಮಾಯವಾಗಿ ಪದವು ಬಹಳ ಸೂಕ್ಷ್ಮವಾಯಿತು. ಪಾಣಿನಿಯು ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದಲ್ಲೇ ‘ಅದರ್ಶನಂ ಲೋಪಃ’ ಎಂದು ಸೂತ್ರಿಸುತ್ತಾನೆ, ಕಾಣದಿರುವುದೇ ಲೋಪ. ಬರೀ ಕಾಣದಿರುವುದು ಸಾಲದೆಂದು ಭಟ್ಟೋಜಿ ದೀಕ್ಷಿತನು ಸಿದ್ಧಾಂತಕೌಮುದಿಯಲ್ಲಿ ಈ ಸೂತ್ರವನ್ನು ವಿವರಿಸುವಾಗ ‘ಪ್ರಸಕ್ತಸ್ಯ’ ಎಂಬ ಪದವನ್ನು ಸೇರಿಸುತ್ತಾನೆ. ಎಂದರೆ, ಅಲ್ಲಿಗೆ ಬರಬೇಕಾಗಿದ್ದದ್ದು ಕಾಣದೆ ಹೋದರೆ ಮಾತ್ರ ಲೋಪ. ರೈಲ್ವೆ ನಿಲ್ದಾಣದಲ್ಲಿ ಹಡಗು ಕಾಣಲಿಲ್ಲವೆಂದು ಯಾರೂ ದೂರುವುದಿಲ್ಲ, ವೇಳಾಪಟ್ಟಿಯಲ್ಲಿರುವ 8.15ರ ಲೋಕಲ್ ಕಾಣದಿದ್ದರೆ ಅದು ಲೋಪ.

ಕರ್ತವ್ಯಲೋಪದ ತಿರುಳು ಈ ‘ಪ್ರಸಕ್ತ’ದಲ್ಲೇ ಇದೆ. ‘ಕರ್ತವ್ಯ’ ಎಂಬುದು ‘ಕೃ’ ಧಾತುವಿಗೆ ‘ತವ್ಯ’ ಪ್ರತ್ಯಯ ಸೇರಿ ಆದ ರೂಪ. ವಕ್ತವ್ಯ ಎಂದರೆ ಹೇಳಬೇಕಾದದ್ದು, ಗಂತವ್ಯ ಎಂದರೆ ಹೋಗಿ ತಲುಪಬೇಕಾದದ್ದು, ಹಾಗೆಯೇ ಕರ್ತವ್ಯ ಎಂದರೆ ಮಾಡಬೇಕಾದದ್ದು. ‘ಬೇಕು’ ಎಂಬ ಭಾವ ಪ್ರತ್ಯಯದಲ್ಲೇ ಅಡಗಿರುವುದರಿಂದ, ಯಾರಿಗೆ ಯಾವ ಕೆಲಸವನ್ನು ವಹಿಸಲಾಗಿತ್ತು ಎಂಬುದನ್ನು ತೋರಿಸದೆ ಕರ್ತವ್ಯಲೋಪದ ಆರೋಪ ಹೊರಿಸುವುದು ಶಬ್ದಾರ್ಥಕ್ಕೇ ಒಪ್ಪದ ಮಾತು.

ಪಾಣಿನಿಯ ಇನ್ನೊಂದು ಸೂತ್ರವನ್ನೂ ಇಲ್ಲಿ ನೆನೆಯಬೇಕು: ‘ಪ್ರತ್ಯಯಲೋಪೇ ಪ್ರತ್ಯಯಲಕ್ಷಣಮ್’. ಪ್ರತ್ಯಯ ಲೋಪವಾದರೂ ಅದರಿಂದ ಆಗಬೇಕಾದ ಕಾರ್ಯ ಆಗಿಯೇ ತೀರುತ್ತದೆ ಎಂಬುದು ಇದರ ತಾತ್ಪರ್ಯ. ಸೂತ್ರವು ಸಂಸ್ಕೃತದ್ದಾದರೂ ಕನ್ನಡದಲ್ಲಿ ಇದಕ್ಕೆ ಹೋಲುವ ಉದಾಹರಣೆ ಬೇಕಿದ್ದರೆ ‘ಮಗು ಹಾಲು ಕುಡಿಯಿತು’ ಎಂಬ ವಾಕ್ಯವನ್ನು ನೋಡಬಹುದು. ‘ಹಾಲನ್ನು’ ಎಂಬಲ್ಲಿನ ‘ಅನ್ನು’ ಕಾಣೆಯಾಗಿದೆ, ಆದರೂ ಹಾಲೇ ಕರ್ಮಪದ. ಹಾಲು ಮಗುವನ್ನು ಕುಡಿಯಿತೆಂದು ಯಾರೂ ತಿಳಿಯುವುದಿಲ್ಲ. ಕೆಲಸ ನಡೆಯಲಿಲ್ಲವೆಂದ ಮಾತ್ರಕ್ಕೆ ಹೊಣೆ ಅಳಿಯುವುದಿಲ್ಲ ಎಂಬ ಕಚೇರಿಯ ತರ್ಕವೂ ಇದರ ಜಾಡಿನಲ್ಲೇ ಸಾಗುತ್ತದೆ.

ಮನೆಗಳಲ್ಲಿ ಈ ಪದ ನಮ್ಮ ಕಿವಿಗೆ ಬೀಳುವುದು ಪೂಜೆಯ ಕೊನೆಯಲ್ಲಿ. ಮಂತ್ರ, ತಂತ್ರ, ಸ್ವರ, ವರ್ಣಗಳಲ್ಲಿ ಆಗಿರಬಹುದಾದ ‘ಲೋಪದೋಷ’ದ ಪ್ರಾಯಶ್ಚಿತ್ತಕ್ಕಾಗಿ ಅಚ್ಯುತ, ಅನಂತ, ಗೋವಿಂದ ಎಂಬ ಮೂರು ನಾಮಗಳನ್ನು ಜಪಿಸುವ ಕ್ರಮವಿದೆ. ಸಂಧ್ಯಾವಂದನೆಯಲ್ಲಿಯೂ ಹೊತ್ತು ಮೀರಿದ್ದಕ್ಕೆಂದು ಬೇರೆಯೇ ಒಂದು ಪ್ರಾಯಶ್ಚಿತ್ತಾರ್ಘ್ಯವನ್ನು ಬಿಡುತ್ತಾರೆ. ತಡವಾಗಿ ಮಾಡಿದ್ದು ಬೇರೆ, ಮಾಡದೇ ಬಿಟ್ಟದ್ದು ಬೇರೆ ಎಂಬ ಎಚ್ಚರ ಅಲ್ಲಿದೆ. ಕೇಂದ್ರ ನೌಕರರ 1964ರ ನಡತೆ ನಿಯಮಗಳ ಮೂರನೆಯ ನಿಯಮವು ಕರ್ತವ್ಯನಿಷ್ಠೆಯನ್ನು ಕಡ್ಡಾಯಗೊಳಿಸಿ, ವಹಿಸಿದ ಕೆಲಸವನ್ನು ಗೊತ್ತಾದ ಅವಧಿಯಲ್ಲಿ ಮುಗಿಸದಿರುವುದು ರೂಢಿಯಾದರೆ ಅದನ್ನು ನಿಷ್ಠೆಯ ಕೊರತೆಯೆಂದು ಎಣಿಸುತ್ತದೆ. ಒಂದು ದಿನದ ವಿಳಂಬಕ್ಕೂ ರೂಢಿಯಾದ ವಿಳಂಬಕ್ಕೂ ಅಲ್ಲಿಯೂ ಅಂತರವಿದೆ.

ಮರಾಠಿಯ ‘ಕಸೂರ್’ ಅರಬ್ಬಿ ಮೂಲದ್ದು. ಗಿಡ್ಡವಾಗಿರು, ಮೊಟಕಾಗಿರು ಎಂಬ ಅರ್ಥದ ಧಾತುವಿನಿಂದ ಅದು ಬಂದಿದೆ. ಪ್ರಯಾಣದಲ್ಲಿರುವ ಮುಸಲ್ಮಾನರು ಮೊಟಕುಗೊಳಿಸಿ ಮಾಡುವ ನಮಾಜಿನ ‘ಕಸ್ರ್’ ಎಂಬ ಹೆಸರೂ ಅದೇ ಧಾತುವಿನದು. ಹೀಗಾಗಿ ಮರಾಠಿಯ ನೌಕರನು ಅಳತೆಗೆ ಕಡಿಮೆ ಬೀಳುತ್ತಾನೆ. ಇಂಗ್ಲಿಷಿನ ಪದವು ಬಿಟ್ಟುಹೋಗು, ತೊರೆ ಎಂಬರ್ಥದ ಲ್ಯಾಟಿನ್ ಪದದಿಂದ ಹುಟ್ಟಿದ್ದು. ಸಿಬ್ಬಂದಿಯು ಕಡಲಲ್ಲಿ ತೊರೆದುಹೋದ ಹಡಗಿಗೂ ಆ ಭಾಷೆಯಲ್ಲಿ ‘ಡೆರಿಲಿಕ್ಟ್’ ಎಂದೇ ಹೆಸರು. ಮೂರರಲ್ಲಿ ಕನ್ನಡದವರು ಬಳಸುವ ಪದ ಮಾತ್ರ ನೌಕರನ ಕಡೆ ನೋಡದೆ ಆಗದೇ ಉಳಿದ ಕೆಲಸದ ಕಡೆಗೆ ನೋಡುತ್ತದೆ.

ನಿರ್ಲಕ್ಷ್ಯ, ಉದಾಸೀನಗಳಿಂದ ಅದು ಬೇರೆಯಾಗುವುದೂ ಇಲ್ಲಿಯೇ. ಅವೆರಡೂ ಮನಸ್ಸಿನ ಸ್ಥಿತಿಯನ್ನು ಹೇಳುತ್ತವೆ. ಲಕ್ಷ್ಯ ಕೊಡದಿದ್ದರೆ ನಿರ್ಲಕ್ಷ್ಯ, ಮರಾಠಿಯಲ್ಲಿ ‘ದುರ್ಲಕ್ಷ್’. ಇದಕ್ಕೆ ಹೆಚ್ಚಿನ ವಿವರಣೆ ಬೇಡ. ‘ಉದಾಸೀನ’ದ ಕಥೆ ಮಾತ್ರ ಸ್ವಾರಸ್ಯದ್ದು. ‘ಆಸ್’ ಎಂದರೆ ಕುಳಿತುಕೊ. ಪಕ್ಷ ವಹಿಸದೆ ದೂರ ಸರಿದು ಕುಳಿತವನು ಉದಾಸೀನ. ಭಗವದ್ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಅದು ಭಗವಂತನಿಗೆ ಪ್ರಿಯನಾದ ಭಕ್ತನ ಲಕ್ಷಣಗಳಲ್ಲೊಂದು. ಅದೇ ಪದ ದಕ್ಷಿಣ ಕನ್ನಡಕ್ಕೆ ಬಂದು ‘ಇವತ್ತು ಯಾಕೋ ಉದಾಸೀನ ಆಗ್ತದೆ’ ಎಂದು ಚಾಪೆಯ ಮೇಲೆ ಮಲಗಿಬಿಟ್ಟಿತು. ಕರಾವಳಿಯಿಂದ ಬಂದ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಇಂದಿಗೂ ಅದಕ್ಕೆ ಸೋಮಾರಿತನ ಎಂಬುದೇ ಮೊದಲ ಅರ್ಥ. ಉದಾಸೀನವಿದ್ದೂ ಕೆಲಸ ಮುಗಿಸಿದವನಿಂದ ಕರ್ತವ್ಯಲೋಪ ಆಗಿರುವುದಿಲ್ಲ. ಬಹಳ ಆಸ್ಥೆಯಿದ್ದೂ ಮರೆತವನಿಂದ ಆಗಿರುತ್ತದೆ.

ಬರೆಯುವಾಗ ‘ಕರ್ತವ್ಯದ ಲೋಪ’ ಎಂಬ ಸಮಾಸವಾದ್ದರಿಂದ ಪದವನ್ನು ಒಡೆಯದೆ ಕೂಡಿಸಿ ಬರೆಯುವುದು ಸರಿ. ಕ್ರಿಯಾಪದದ ವಿಷಯದಲ್ಲಿ ಒಂದು ಸಣ್ಣ ತಕರಾರು ಇದೆ. ವ್ಯಾಕರಣದಲ್ಲಿ ಲೋಪ ‘ಆಗುತ್ತದೆ’. ಪತ್ರಿಕೆಗಳಲ್ಲಿ ಅದನ್ನು ‘ಎಸಗುತ್ತಾರೆ’. ಹಳಗನ್ನಡದಲ್ಲಿ ಯಾವ ಕೆಲಸಕ್ಕಾದರೂ ಸಲ್ಲುತ್ತಿದ್ದ ‘ಎಸಗು’ ಇಂದು ದ್ರೋಹ, ಅಪರಾಧ, ವಂಚನೆಗಳಿಗೇ ಮೀಸಲಾಗಿದೆ. ಆದ್ದರಿಂದ ವಿಚಾರಣೆ ಇನ್ನೂ ಮುಗಿಯದಿರುವಾಗ ‘ಕರ್ತವ್ಯಲೋಪ ಎಸಗಿದ ಸಿಬ್ಬಂದಿ’ ಎಂದು ಬರೆಯುವುದಕ್ಕಿಂತ ‘ಕರ್ತವ್ಯಲೋಪದ ಆರೋಪಕ್ಕೆ ಒಳಗಾದ ಸಿಬ್ಬಂದಿ’ ಎಂದು ಬರೆಯುವುದೇ ಲೇಸು.